ಕೇಪಳಕ್ಕೆ ಹುಣಸೆ ನೀರು

ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಮಂಡ್ಯದಲ್ಲಿ ನಮ್ಮ ವಠಾರದ ಪಕ್ಕದ ಮನೆಗೆ ಮಂಗಳೂರು ಕಡೆಯ ದಂಪತಿ ಬಂದರು. ಟ್ರಂಕಿಗಿಂತ ಮೊದಲು ಆಕೆ ಜಟಕಾದಿಂದ ಇಳಿಸಿದ್ದು ಸೀಮೆಎಣ್ಣೆ ಡಬ್ಬದಲ್ಲಿದ್ದ ಒಂದು ಗಿಡವನ್ನು. ಮದ್ದೂರಿನ ಹೊಲಗದ್ದೆಗಳಲ್ಲಿ ಬೆಳೆದವಳು ನಾನು. ನನಗೆ ಗೊತ್ತಿಲ್ಲದ ಗಿಡವೇ ಇಲ್ಲವೆಂಬ ಜಂಬವಿತ್ತು. ಇದು ಗೊತ್ತಾಗಲಿಲ್ಲ.

"ಕೇಪಳ," ಎಂದಳು. "ನಮ್ಮಲ್ಲಿ ಗುಡ್ಡದ ತುಂಬ ಇದೇ. ಕೆಂಪು ಗೊಂಚಲು. ಹೂ ಕಿತ್ತು ಬುಡ ಚೀಪಿದರೆ ಜೇನು."

ಆ ಜೇನಿನ ರುಚಿ ನೋಡಲೇಬೇಕೆಂಬ ಹುಚ್ಚು ನನಗೆ ಹತ್ತಿತು. ಆದರೆ ಬಚ್ಚಲ ಬದಿಗೆ ನೆಟ್ಟ ಗಿಡ ದಿನೇ ದಿನೇ ಹಳದಿಗೆ ತಿರುಗಿತು. ನಮ್ಮತ್ತೆ ಬೆಳಗಾದರೆ ಒಲೆಯ ಬೂದಿ ತಂದು ಅದರ ಬುಡಕ್ಕೆ ಸುರಿಯುತ್ತಿದ್ದರು. "ಬೂದಿ ಬಿದ್ರೆ ಒಣಗಿದ ಗಿಡಾನೂ ಎದ್ದು ಕೂತ್ಕತದೆ ಕಣಮ್ಮ!"

ಗಿಡ ಏಳಲಿಲ್ಲ. "ಸಂಕ್ರಾಂತಿಗೆ ಅಣ್ಣ ಬರ್ತಾನೆ," ಎಂದಳು ಆಕೆ. "ಈ ಗಿಡವೇ ಹಿಡಿಯದ ಮಣ್ಣಲ್ಲಿ ನಾನು ಹೇಗೆ ಇರ್ಲಿ ಮಾರಾಯ್ತಿ? ಅವನ ಜೊತೆ ಹೋದರೆ ಮತ್ತೆ ಬರುವುದಿಲ್ಲ." ಮದುವೆಯಾಗಿ ಬಂದಮೇಲೆ ನನಗೆ ಸಿಕ್ಕಿದ್ದ ಗೆಳತಿ ಅವಳೊಬ್ಬಳೇ.

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ವಠಾರದವರೆಲ್ಲ ಹುಣಸೆಹಣ್ಣು ಹಚ್ಚಿ ಹಂಡೆ ತಿಕ್ಕಿದೆವು. ಆ ಹುಳಿ ನೀರು ಗಿಡದ ಒಂದೇ ಮಗ್ಗುಲಿಗೆ ಹರಿದಿತ್ತು. ಕೆಲವು ವಾರಗಳಾದ ಮೇಲೆ ನೋಡುತ್ತೇನೆ, ಆ ಮಗ್ಗುಲಲ್ಲಿ ಮಾತ್ರ ಹಸಿರು ಚಿಗುರು! ಬೂದಿ ಬಿದ್ದ ಕಡೆ ಅದೇ ಹಳದಿ. ಏಕಿರಬಹುದು? ಕಾರಣ ತಿಳಿಯಲಿಲ್ಲ, ಸುಮ್ಮನೆ ಕೂರಲೂ ಆಗಲಿಲ್ಲ. ಅತ್ತೆಯ ಬೂದಿಯನ್ನು ಅವರ ಕುಂಬಳದ ಬಳ್ಳಿಗೆ ತಿರುಗಿಸಿದೆ. ಸಾರಿಗೆ ಹಿಂಡಿದ ಹುಣಸೆಯನ್ನು ಮತ್ತೆ ನೆನೆಸಿ, ಆ ನೀರನ್ನು ಕೇಪಳಕ್ಕೆ ಹೊಯ್ದೆ.

"ಮನೇರ್ಗೆ ನೀರು ಸಾರು, ಗಿಡುಕ್ಕೆ ಗಟ್ಟಿ ಸಾರು!" ಎಂದು ಅತ್ತೆ ವಠಾರಕ್ಕೆಲ್ಲ ಕೇಳುವಂತೆ ಕೂಗಾಡಿದರು.

ಅಣ್ಣ ಬಂದ ದಿನ ಒಂದು ಗೊಂಚಲಿನಲ್ಲಿ ನಾಲ್ಕಾರು ಹೂ ಬಿರಿದಿದ್ದವು. ಅವನು ನಕ್ಕ. "ಇದನ್ನು ನಮ್ಮಲ್ಲಿ ಯಾರು ತಿರುಗಿ ನೋಡ್ತಾರೆ?"

ಅವಳು ಮೊದಲ ಹೂ ಕಿತ್ತು ನನ್ನ ಕೈಗಿಟ್ಟಳು. ಚೀಪಿದೆ. ಸಿಹಿ ಬಂದದ್ದೂ ಹೋದದ್ದೂ ನಾಲಿಗೆಗೆ ಸರಿಯಾಗಿ ತಿಳಿಯಲಿಲ್ಲ.

"ಇಷ್ಟೇನಾ?" ಎಂದುಬಿಟ್ಟೆ.

"ಇಷ್ಟೇ ಮಾರಾಯ್ತಿ!" ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಅಣ್ಣನ ಕಡೆ ತಿರುಗಿದಳು. "ನೀನು ಹೋಗಣ್ಣ. ಉಳಿದ ಮೊಗ್ಗು ಇನ್ನೂ ಅರಳಬೇಕು."