ಟ್ಯೂಬಿನ ಮೇಲೆ ಗಂಟೆ ಬರೆಯುವ ಅನುಸೂಯಮ್ಮ

ಮಾರ್ಗಶಿರದ ಚಳಿ. ರಾಗಿ ಕೊಯ್ಲು ಮುಗಿದು ಒಕ್ಕಣೆ ಶುರುವಾಗಿದೆ. ಹಳೇಬೀಡಿನಾಚೆಯ ಡಾಂಬರು ರಸ್ತೆಯ ಅರ್ಧಕ್ಕೆ ತೆನೆ ಹಾಸಿದ್ದಾರೆ; ಹೋಗಿಬರುವ ಗಾಡಿಗಳೇ ಅದನ್ನು ತುಳಿದು ಕಾಳು ಬಿಡಿಸಬೇಕು. ಆರಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಅದರ ಮೇಲೆ ಹಾದುಹೋಗುವ ಮೊದಲ ಗಾಡಿ ಅನುಸೂಯಮ್ಮನವರ ಸ್ಕೂಟರ್. ತಲೆಗೆ ಮಫ್ಲರ್, ಕಾಲ ಬಳಿ ಐಸ್ ತುಂಬಿದ ನೀಲಿ ಡಬ್ಬ.

"ಏನಕ್ಕ, ಇವತ್ಯಾರ ರಕ್ತ ಹೀರಕ್ಕೆ ಹೊಂಟೆ?" ತೆನೆ ಹರಡುತ್ತಿರುವ ಪುಟ್ಟಸ್ವಾಮಿ ಕೂಗುತ್ತಾರೆ.

"ನಿಂದೇ ಬಾಕಿ ಐತೆ ಕಣಪ್ಪ. ಶುಗರ್ ನೋಡಿ ಆರ್ ತಿಂಗ್ಳಾಯ್ತು. ನಿಂತಿರು, ಬತ್ತಾ ಹಿಡ್ಕೊತೀನಿ."

"ಬ್ಯಾಡ ತಾಯಿ, ನಂಗಿರೋದೇ ಒಂದಿಷ್ಟು!"

ಮೊದಲ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ ಕಂಬಳಿ ಹೊದ್ದು ಕೂತಿದ್ದಾರೆ. ಅನುಸೂಯಮ್ಮ ಸೂಜಿ ತೆಗೆಯುವುದಿಲ್ಲ. ಒಂದು ಲೋಟ ಬಿಸಿನೀರು ಕೇಳಿ, ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂರುತ್ತಾರೆ. "ಚಳೀಲಿ ನರ ಒಳಕ್ಕೋಗ್ಬಿಡ್ತವೆ. ತಣ್ಣನೆ ಕೈ ಮುಟ್ಟಿದ್ರೆ ಇನ್ನೂ ಬಚ್ಚಿಟ್ಕೊತವೆ" ಎನ್ನುತ್ತಾರೆ. ಕೈ ಬೆಚ್ಚಗಾದ ಮೇಲೆ ಅಜ್ಜನ ಮೊಣಕೈ ಸವರಿ, ಒಂದೇ ಸಲಕ್ಕೆ ನರ ಹಿಡಿಯುತ್ತಾರೆ. ಹತ್ತಿ ಒತ್ತಿ, ಗಡಿಯಾರ ನೋಡಿ, ಟ್ಯೂಬಿನ ಮೇಲೆ ಹೆಸರಿನ ಕೆಳಗೆ ಬರೆಯುತ್ತಾರೆ: 6.14. ಅದನ್ನೇ ಚೀಲದಲ್ಲಿರುವ ನೋಟ್‌ಬುಕ್ಕಿಗೂ ಇಳಿಸುತ್ತಾರೆ.

ಗಂಡಸಿ ಎಂಬ ಊರಿನಲ್ಲಿ ಹುಟ್ಟಿದ ಅನುಸೂಯಮ್ಮನವರಿಗೆ ಈಗ ನಲವತ್ತೇಳು. ಗಂಡ ರಾಮಣ್ಣ ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದಾರೆ. ಮದುವೆಯಾಗಿ ಬಂದ ಹೊಸತರಲ್ಲಿ ಇವರು ಹಳೇಬೀಡಿನ ಲ್ಯಾಬೊಂದಕ್ಕೆ, ರಕ್ತ ಸವರಿ ನೋಡುವ ಗಾಜಿನ ಪಟ್ಟಿ ತೊಳೆಯಲು ಸೇರಿದರು. ಎರಡು ವರ್ಷದ ಮಗಳು ಬಿಂದುಶ್ರೀಯನ್ನು ಅತ್ತೆಯ ಮಡಿಲಿಗೆ ಹಾಕಿ, ದಿನಾ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮುಗಿಸಿದರು. ಮನೆಮನೆಗೆ ಹೋಗಿ ರಕ್ತ ತೆಗೆಯುವ ಈ ಕೆಲಸಕ್ಕೆ ಹತ್ತೊಂಬತ್ತು ವರ್ಷವಾಗಿದೆ. ದಿನಕ್ಕೆ ಮೂವತ್ತೈದು ಕಿಲೋಮೀಟರ್, ಇಪ್ಪತ್ತರಿಂದ ಇಪ್ಪತ್ತೈದು ಟ್ಯೂಬು. ಸಣ್ಣ ಪರೀಕ್ಷೆಗಳು ಈ ಲ್ಯಾಬಿನಲ್ಲೇ ಆಗುತ್ತವೆ. ಹಾರ್ಮೋನಿನಂಥವು ಡಬ್ಬದಲ್ಲಿ ಬಸ್ಸೇರಿ ಹಾಸನಕ್ಕೆ ಹೋಗುತ್ತವೆ.

ಗಂಟೆ ಬರೆಯಲು ಇವರಿಗೆ ಯಾರೂ ಹೇಳಿಕೊಟ್ಟಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಬಿಕ್ಕೋಡಿನ ಕಡೆಯ ತೋಟದ ಕೂಲಿ ಹೆಂಗಸೊಬ್ಬಳು ಬಸಿರಿನ ಪರೀಕ್ಷೆಗೆ ಎರಡು ಸಲ ರಕ್ತ ಕೊಟ್ಟಿದ್ದಳು. "ಎರಡ್ನೇ ನಂಬರ್ ನೋಡಿ ನಾನೇ ದೊಡ್ಡ ಡಾಕ್ಟ್ರಂಗೆ, ಏರಿಲ್ಲ ಕಣಮ್ಮ ಅಂದ್ಬಿಟ್ಟೆ. ನಡುವೆ ಒಂದೇ ದಿನ ಆಗಿತ್ತು ಅನ್ನೋದು ತಲೇಗೇ ಹೊಳೀಲಿಲ್ಲ. ಹತ್ತು ದಿನ ಅನ್ನ ಬಿಟ್ಟು ಅತ್ತವ್ಳೆ ಪಾಪ. ಆಮೇಲೆ ಸ್ಕ್ಯಾನ್ ಮಾಡಿದ್ರೆ ಮಗು ಚೆನ್ನಾಗೈತೆ!" ಅವತ್ತಿನಿಂದ ಗಂಟೆ ಬರೆಯುತ್ತಾರೆ. ಬಂದ ನಂಬರಿಗೆ ಅರ್ಥ ಹೇಳುವುದನ್ನು ಡಾಕ್ಟರಿಗೆ ಬಿಡುತ್ತಾರೆ.

ಬಸಿರಿನ ಮೊದಲ ವಾರಗಳಲ್ಲಿ ರಕ್ತದಲ್ಲಿ ಎಚ್‌ಸಿಜಿ ಎಂಬ ಹಾರ್ಮೋನು ಬೇಗ ಬೇಗ ಏರುತ್ತದೆ. ಒಂದು ಸಲದ ನಂಬರಿನಿಂದ ಹೆಚ್ಚೇನೂ ತಿಳಿಯದು. ನಲವತ್ತೆಂಟು ಗಂಟೆ ಬಿಟ್ಟು ಇನ್ನೊಮ್ಮೆ ನೋಡಿದರೆ ಏರಿಕೆ ಕಾಣುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ ದುಪ್ಪಟ್ಟಾಗುತ್ತದೆ. ಕೆಲವರಲ್ಲಿ ನಿಧಾನ, ಆದರೂ ನಲವತ್ತೆಂಟು ಗಂಟೆಯಲ್ಲಿ ಮೊದಲಿನ ಅರ್ಧದಷ್ಟಾದರೂ ಸೇರಬೇಕು. ಅದಕ್ಕೂ ಕಡಿಮೆಯಾದರೆ ಡಾಕ್ಟರುಗಳು ಹುಷಾರಾಗುತ್ತಾರೆ.

ಕಳೆದ ತಿಂಗಳು ಈ ಲೆಕ್ಕ ಹಳೇಬೀಡಿನ ಜೈನ ಮನೆಯೊಂದನ್ನು ಅಲ್ಲಾಡಿಸಿತು. ಧರ್ಮಾವತಿಯವರ ಸೊಸೆ ತ್ರಿಶಾಗೆ ಹೋದ ವರ್ಷ ಏಳನೇ ವಾರಕ್ಕೆ ಬಸಿರು ಇಳಿದಿತ್ತು. ಈ ಸಲ ಮುಟ್ಟು ನಿಂತ ಕೂಡಲೇ ಡಾಕ್ಟರು ಎರಡು ಸಲ ರಕ್ತ ನೋಡಲು ಬರೆದರು. ಸೋಮವಾರ ಸಂಜೆ ಐದಕ್ಕೆ ಅನುಸೂಯಮ್ಮ ಮನೆಗೇ ಹೋಗಿ ಮೊದಲ ಟ್ಯೂಬು ತೆಗೆದರು. ಎರಡನೆಯದನ್ನು ಬುಧವಾರ ಅದೇ ಐದಕ್ಕೆ ತೆಗೆಯಬೇಕಿತ್ತು. ಧರ್ಮಾವತಿಯವರು ಒಪ್ಪಲಿಲ್ಲ.

"ರಕ್ತ ಅಂದ್ರೆ ಖಾಲಿ ಹೊಟ್ಟೇಲೇ ಕೊಡ್ಬೇಕು. ನಮ್ಮನೇಲಿ ಸೂರ್ಯ ಮುಳುಗಿದ್ಮೇಲೆ ಯಾರೂ ಊಟ ಮಾಡಲ್ಲ. ಬೆಳಿಗ್ಗೆ ಆರಕ್ಕೆ ಬನ್ನಿ, ಶುದ್ಧವಾಗಿರುತ್ತೆ" ಎಂದರು.

"ಈ ಪರೀಕ್ಷೆಗೆ ಅದೇನೂ ಬೇಕಾಗಿಲ್ಲ ಅಮ್ಮಾವ್ರೇ" ಎಂದರೂ ಕೇಳಲಿಲ್ಲ.

ಬುಧವಾರ ಬೆಳಿಗ್ಗೆ ಆರಕ್ಕೆ ರಕ್ತ ಹೋಯಿತು. ಸಂಜೆ ರಿಪೋರ್ಟು ಬಂತು: ಮೊದಲು 420, ಆಮೇಲೆ 602. ಕಾಗದದ ಮೇಲೆ ಇದ್ದದ್ದು ಎರಡು ತಾರೀಖು ಮಾತ್ರ. ನೂರಕ್ಕೆ ನಲವತ್ಮೂರರಷ್ಟು ಏರಿಕೆ, ಎರಡು ದಿನಕ್ಕೆ ಇದು ಸಾಲದು, ಈ ಸಲವೂ ನಿಲ್ಲುವುದು ಕಷ್ಟವಿರಬಹುದು ಎಂದು ಡಾಕ್ಟರು ರಿಪೋರ್ಟು ತಂದ ಗಂಡನಿಗೆ ಮೆಲ್ಲಗೆ ಹೇಳಿ ಕಳಿಸಿದರು.

ಗುರುವಾರ ಲ್ಯಾಬಿನ ಬಾಗಿಲು ತೆಗೆಯುವ ಮೊದಲೇ ತ್ರಿಶಾಳ ಗಂಡ ವಿಮಲ್ ಮೆಟ್ಟಿಲ ಮೇಲೆ ಕೂತಿದ್ದ. "ಅಕ್ಕ, ಅವಳಿಗಿನ್ನೂ ಹೇಳಿಲ್ಲ. ಹೇಗೆ ಹೇಳಲಿ?" ಎಂದ.

ಅನುಸೂಯಮ್ಮ ಎರಡೂ ರಿಪೋರ್ಟು ನೋಡಿ, ನೋಟ್‌ಬುಕ್ ತೆಗೆದು, ಬೆರಳು ಮಡಿಚಿ ಎಣಿಸಿದರು. ಸೋಮವಾರ ಸಂಜೆ ಐದರಿಂದ ಬುಧವಾರ ಬೆಳಿಗ್ಗೆ ಆರಕ್ಕೆ ಮೂವತ್ತೇಳೇ ಗಂಟೆ! ಹನ್ನೊಂದು ಗಂಟೆ ಕಡಿಮೆ.

"ಹೇಳ್ಬ್ಯಾಡ, ತಡಿ. ರಾತ್ರಿ ರುಬ್ಬಿಟ್ಟ ಹಿಟ್ನ ಬೆಳಗಾಗೋ ಮೊದ್ಲೇ ಮುಚ್ಚಳ ತೆಗ್ದು ನೋಡಿ, ಉಬ್ಬಿಲ್ಲ ಅಂದಂಗಾಗೈತೆ ಇದು. ಚೆನ್ನಾಗೇ ಐತೆ ಅಂತ ನಾನೂ ಹೇಳಲ್ಲ. ಡಾಕ್ಟ್ರೇ ಹೇಳ್ಲಿ" ಎಂದು ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದರು.

ಡಾಕ್ಟರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಮೂವತ್ತೇಳು ಗಂಟೆಗಾದರೆ ಈ ಏರಿಕೆ ತೆಗೆದುಹಾಕುವಂಥದ್ದಲ್ಲ. ಸರಿಯಾಗಿ ನಲವತ್ತೆಂಟು ಗಂಟೆ ಬಿಟ್ಟು ಮೂರನೆಯದು ತೆಗೆಯಿರಿ, ನಡುವೆ ಹೊಟ್ಟೆನೋವು, ರಕ್ತಸ್ರಾವ ಕಂಡರೆ ಮಾತ್ರ ಕಾಯದೆ ಬನ್ನಿ ಎಂದರು. ಶುಕ್ರವಾರ ಬೆಳಿಗ್ಗೆ ಸರಿಯಾಗಿ ಆರಕ್ಕೆ ಅನುಸೂಯಮ್ಮ ಮತ್ತೆ ಸೂಜಿ ಹಿಡಿದರು. ಸಂಜೆ ಬಂದ ನಂಬರು 1,090, ದುಪ್ಪಟ್ಟಿಗೆ ಹತ್ತಿರ. ಎರಡೂವರೆ ವಾರದ ಮೇಲೆ ಸ್ಕ್ಯಾನಿನಲ್ಲಿ ಮಗುವಿನ ಎದೆಬಡಿತ ಕಂಡಿತು.

"ಆ ಒಂದು ದಿನ ನಾನು ಮನೇಲಿ ಹೇಗೆ ಓಡಾಡ್ದೆ ಅಂತ ನಂಗೇ ಗೊತ್ತಿಲ್ಲ" ಎನ್ನುತ್ತಾನೆ ವಿಮಲ್. ತ್ರಿಶಾ ನಗುತ್ತಾಳೆ: "ಮೂರು ಸಲ ತಟ್ಟೆ ಬೀಳಿಸಿದ್ರು. ಆಗಲೇ ಅಂದ್ಕೊಂಡೆ, ಏನೋ ಮುಚ್ಚಿಡ್ತಿದಾರೆ ಅಂತ."

ಅದಾದ ಮೇಲೆ ಲ್ಯಾಬಿನ ಮಾಲೀಕ ಶಶಿಧರ್ ರಿಪೋರ್ಟಿನಲ್ಲಿ ರಕ್ತ ತೆಗೆದ ಹೊತ್ತನ್ನು ಬರೆಯಲು ಒಂದು ಸಾಲು ಸೇರಿಸಿದ್ದಾರೆ. "ಹದಿನೇಳೆಂಟ್ ವರ್ಷದಿಂದ ಬರೀತಿದ್ದೆ. ಈಗ ಅಚ್ಚಾಯ್ತು ನೋಡಿ" ಎಂದು ಅನುಸೂಯಮ್ಮ ಹೊಸ ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸುತ್ತಾರೆ.

ಇವತ್ತಿನ ಸುತ್ತಿನ ಕೊನೆಯ ಮನೆ ಧರ್ಮಾವತಿಯವರದ್ದೇ. ತ್ರಿಶಾಳ ಹಿಮೋಗ್ಲೋಬಿನ್ ನೋಡಬೇಕು. ಹುಡುಗಿ ಇಡ್ಲಿ ತಿಂದು ತಾನೇ ತೋಳು ಮಡಿಸಿ ಕೂತಿದ್ದಾಳೆ. ಕೆಲಸ ಮುಗಿಯುತ್ತಲೇ ಧರ್ಮಾವತಿಯವರು ತಟ್ಟೆಯಲ್ಲಿ ಹಸಿರು ಸೀರೆ, ತೆಂಗಿನಕಾಯಿ ಇಟ್ಟು ತರುತ್ತಾರೆ.

"ಇದನ್ನ ನೀವು ತಗೊಳ್ಳಲೇಬೇಕು ಅನುಸೂಯಮ್ಮ. ನನ್ನ ಹಟದಿಂದ ಆದದ್ದು. ನಿಮ್ಮ ಋಣ ಹೊತ್ಕೊಂಡು ನಾನು ಬಸದಿ ಮೆಟ್ಟಿಲು ಹತ್ತೋಕಾಗಲ್ಲ."

ಅನುಸೂಯಮ್ಮ ಡಬ್ಬದ ಮುಚ್ಚಳ ಒತ್ತಿ ಭದ್ರ ಮಾಡುತ್ತಾರೆ. ಕಾಯಿಯನ್ನು ಮಾತ್ರ ಚೀಲಕ್ಕೆ ಹಾಕಿಕೊಳ್ಳುತ್ತಾರೆ.

"ಸೀರೆ ಇರ್ಲಿ ಅಮ್ಮಾವ್ರೇ, ಈಗ್ಲೇ ತೀರಿಸ್ಬ್ಯಾಡಿ. ನಾನು ಬರೀ ರಕ್ತ ತೆಗ್ದು ಹೋಗೋಳು. ಯಾವ್ ಮಗು ಯಾವಾಗ ಹುಟ್ತು ಅಂತ ನಂಗ್ಯಾರೂ ಹೇಳಲ್ಲ. ನಿಮ್ಮನೇದು ಹುಟ್ಟಿದ್ ದಿನ ಒಂದ್ ಫೋನ್ ಮಾಡಿ, ಸಾಕು."