ಹದಿನೈದನೇ ತಾರೀಖಿನ ರಜೆ

ವೆರ್ನಾ ಟುಮಿನೆನ್ ಸೇನೆಯಲ್ಲಿ ಲಾರಿ ಓಡಿಸಿದವಳು. ಊರಿಗೆ ಮರಳಿದ ಮೇಲೂ ಅದೇ ಕೆಲಸ: ಕೌಂಟಿಯ, ಅಂದರೆ ಜಿಲ್ಲೆಯ, ರಸ್ತೆಗಳಲ್ಲಿ ಹಿಮ ತಳ್ಳುವ ಲಾರಿ. ನವೆಂಬರ್ ಹನ್ನೊಂದು ಮಾಜಿ ಯೋಧರ ದಿನ. ಅಂದು ಇರಾಕಿನಲ್ಲಿ ತನ್ನ ಪಕ್ಕದಲ್ಲೇ ಸತ್ತ ರೇ ಲಾಹ್ತಿಯ ಸಮಾಧಿಯ ಬಳಿ, ಅವನ ತಾಯಿ ಐಲಿಯ ಜೊತೆ ನಿಲ್ಲುವುದು ಅವಳಿಗೆ ವ್ರತದ ಹಾಗೆ. ಕಳೆದ ವರ್ಷ ಮೇಸ್ತ್ರಿ ರಜೆ ಕೊಡಲಿಲ್ಲ. ಮುದುಕಿ ಹಿಮದಲ್ಲಿ ಒಬ್ಬಳೇ ನಿಂತಳು. ಅಂದಿನಿಂದ ವೆರ್ನಾಳಿಗೆ ಒಂದೇ ಹಟ: ಆ ದಿನ ಕೌಂಟಿ ನೌಕರರಿಗೆಲ್ಲ ಸಂಬಳದ ರಜೆಯಾಗಬೇಕು.

ಕೌಂಟಿ ಮಂಡಳಿಯವರು ಕಿವಿಗೊಟ್ಟರು, ಆದರೆ ಕೊಕ್ಕೆ ಹಾಕಿ. ಹೊಸ ರಜೆ ಬೇಕಾದರೆ ಅದೇ ತಿಂಗಳ ಹದಿನೈದರ ರಜೆ ಬಿಡಿ ಎಂದರು. ಹದಿನೈದೆಂದರೆ ಜಿಂಕೆ ಬೇಟೆಯ ಮೊದಲ ದಿನ. ಆ ಸೀಮೆಯಲ್ಲಿ ಕ್ರಿಸ್‌ಮಸ್ ತಪ್ಪಿದರೂ ಅದು ತಪ್ಪದು. ಅಂದು ಮದುವೆ ಇಟ್ಟುಕೊಂಡವನಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ಲಾರಿ ಶೆಡ್ಡಿನಲ್ಲಿ ವೆರ್ನಾಳೊಡನೆ ಮಾತೇ ನಿಂತಿತು. ಜೊತೆಗಾರ ಡ್ವೇನ್ ಮಾತ್ರ ಎದುರಿಗೇ ಅಂದ: "ನಿನ್ನೊಬ್ಬಳ ಪುಣ್ಯಕ್ಕೆ ನಮ್ಮೆಲ್ಲರ ಹಬ್ಬ ಮುಳುಗಿಸ್ತಿದ್ದೀಯಲ್ಲ, ಮಹಾತಾಯಿ."

ಸಭೆಯ ದಿನ ಕೂರಲು ಜಾಗವಿರಲಿಲ್ಲ. ಐಲಿ ಚರ್ಚಿಗೆ ಹಾಕುವ ಒಳ್ಳೆಯ ಕೋಟು ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಮಂಡಳಿಯ ಮತ ಸಮಸಮ ಬಿತ್ತು. ಕೇಳಿದವಳು ನೀನೇ, ಈ ಬದಲಿ ನಿನಗೆ ಒಪ್ಪಿಗೆಯೇ ಹೇಳು, ಎಂದು ಅಧ್ಯಕ್ಷರು ವೆರ್ನಾಳತ್ತ ತಿರುಗಿದರು.

ಹೌದೆಂದರೆ ಶೆಡ್ಡು ಕೈಬಿಡುತ್ತದೆ, ಇಲ್ಲವೆಂದರೆ ಐಲಿ ಒಂಟಿ. ಇವೆರಡಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಮಗ ಸಾಯುವಾಗ ಏನಂದ ಎಂದು ಐಲಿ ಕೇಳಿದ್ದಾಗ, ಅಮ್ಮಾ ಅಂದ ಎಂದು ಹೇಳಿ ಆ ತಾಯಿಯ ಜೀವ ಹಿಡಿದಿಟ್ಟವಳು ವೆರ್ನಾ. ಅದು ಸುಳ್ಳು. ನಿಜ ಹೇಳಿದರೆ ಮುದುಕಿ ತನ್ನ ಮುಖ ನೋಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ರೇ ನನ್ನ ಕೈ ಹಿಡ್ಕೊಂಡು ಕೊನೇಗೆ ಕೇಳಿದ್ದು ಒಂದೇ ಮಾತು," ಎಂದಳು. "ಹದಿನೈದಕ್ಕೆ ಊರು ಮುಟ್ತೀನಾ ಅಂತ. ಅವನ ಹೆಸರು ಹೇಳಿ ಆ ದಿನ ಕಿತ್ಕೋಬೇಡಿ."

ಐಲಿ ಎದ್ದು, ಅವಳತ್ತ ಕಣ್ಣೂ ಹಾಯಿಸದೆ ಹೊರಗೆ ನಡೆದಳು. ಪ್ರಸ್ತಾಪ ಬಿದ್ದುಹೋಯಿತು. ಡ್ವೇನ್ ತಂದುಕೊಟ್ಟ ಕಾಫಿಯನ್ನು ವೆರ್ನಾ ಬೆಂಚಿನ ಮೇಲೆಯೇ ಬಿಟ್ಟು ಹೋದಳು. ಅದಾದ ಮೇಲೆ ಐಲಿ ಫೋನೂ ಎತ್ತಲಿಲ್ಲ.

ಹನ್ನೊಂದರ ಬೆಳಿಗ್ಗೆ ಹಿಮ ಸುರಿದೇ ಸುರಿಯಿತು. ರಜೆಯ ಮಾತೇ ಇಲ್ಲ. ವೆರ್ನಾ ಲಾರಿ ಬಿಸಿ ಮಾಡುತ್ತಿದ್ದಾಗ ಶೆಡ್ಡಿನ ಬಾಗಿಲಲ್ಲಿ ಐಲಿ ಕಂಡಳು, ಕೈಯಲ್ಲಿ ಬಟ್ಟೆಯ ಗಂಟು.

"ಹಾಗಾದ್ರೆ ಅವ್ನು ನನ್ನ ಕರೀಲಿಲ್ಲ."

"ಇಲ್ಲ," ಎಂದಳು ವೆರ್ನಾ.

ಐಲಿ ಗಂಟು ಬಿಚ್ಚಿದಳು. ಹಬೆಯಾಡುವ ಮಾಂಸದ ಕಡುಬು.

"ಹದಿನೈದರ ನಸುಕಲ್ಲಿ ಎದ್ದು ಇದನ್ನ ಮಾಡಿ ಅವನ ಕೋಟಿನ ಜೇಬಿಗೆ ತುರುಕ್ತಿದ್ದೋಳು ಯಾರು ಅಂದ್ಕೊಂಡೆ? ನನ್ನನ್ನೇ ಕೇಳಿದ್ದು ಕಣೇ ಅವ್ನು. ತಗೋ, ತಿನ್ನು. ಸಮಾಧಿ ದಾರಿ ಪೂರ್ತಿ ಮುಚ್ಚಿಹೋಗಿದೆ. ಹಿಮ ತಳ್ಳೋದು ನಿನ್ನ ಕೆಲಸ ತಾನೆ?"

ಡ್ವೇನ್ ಬಂದು, ಮುದುಕಿಯ ಕೈ ಹಿಡಿದು ಲಾರಿಗೆ ಹತ್ತಿಸಿದ.