ಜಗದೇವಿಯ ಅಂಜಿಕೆ

ಕೊಹಿನೂರ ಎಂಬ ಹಳ್ಳಿಯ ಜಗದೇವಿ ಮತ್ತು ಆಕೆಯ ಓರಗಿತ್ತಿ ಅಂಬುಬಾಯಿ ಕಬ್ಬು ಕಡಿಯಲು ಹೊರಟಿದ್ದ ಟ್ರ್ಯಾಕ್ಟರಿನ ಟ್ರಾಲಿ ಹಳ್ಳದ ದಂಡೆಯಲ್ಲಿ ಪಲ್ಟಿ ಹೊಡೆಯಿತು. ಇಬ್ಬರಿಗೂ ಮೈ ತರಚಿತು, ಅಷ್ಟೇ. ವಾರದೊಳಗೆ ಅಂಬುಬಾಯಿ ಎಲೆಅಡಿಕೆ ಮೆಲ್ಲುತ್ತ ಅದೇ ಟ್ರಾಲಿ ಏರಿದಳು. ಜಗದೇವಿಗೆ ಮಾತ್ರ ಮೊದಲು ಟ್ರ್ಯಾಕ್ಟರು, ಆಮೇಲೆ ಅದರ ಸಪ್ಪಳ, ಕಡೆಗೆ ಹಿಟ್ಟಿನ ಗಿರಣಿಯ ಸಪ್ಪಳವೂ ಅಂಜಿಕೆಯಾಯಿತು.

“ಆಕಿಗಿಲ್ಲದ ಅಂಜಿಕಿ ನಿನಗ್ಯಾಕ? ಮೈಗಳ್ಳಿ!” ಅಂದಿತು ಊರು. ಎಲುಬಿಲ್ಲದ ನಾಲಿಗೆಗೆ ಏನು ಕಷ್ಟ!

ಹುಮನಾಬಾದದ ಡಾಕ್ಟರಮ್ಮ ಜಗದೇವಿಯ ಗಂಡ ಗುಂಡಪ್ಪನಿಗೆ ಬಿಡಿಸಿ ಹೇಳಿದರು: “ಅಂಜೂದು ಇಬ್ಬರೂ ಕಲ್ತಾರ. ಇನ್ನ ಅಪಾಯ ಇಲ್ಲ ಅನ್ನೂದು ಈಕಿ ಮನಸಿಗೆ ಲಗೂನ ಹತ್ತವಲ್ದು. ಟ್ರ್ಯಾಕ್ಟರ್ ದೂರದಿಂದ ತೋರಿಸ್ರಿ, ಈಕಿ ಹೂಂ ಅಂದ್ರ ಹತ್ರ ಒಯ್ರಿ. ಮೆಲ್ಲಕ ರೂಢಿ ಮಾಡಿಸ್ರಿ.”

ಗುಂಡಪ್ಪನ ತಲೆಗೆ ‘ರೂಢಿ’ ಹೋಯಿತು, ‘ಮೆಲ್ಲಕ’ ಹೋಗಲಿಲ್ಲ. ಎಳ್ಳು ಅಮಾವಾಸ್ಯೆಯ ಹಬ್ಬದ ದಿನ ಬಜ್ಜಿ, ರೊಟ್ಟಿ, ಅಂಬಲಿಯ ಗಡಿಗೆ ಟ್ರಾಲಿಗೇರಿಸಿ ಮನೆಮಂದಿಯೆಲ್ಲ ಹೊಲಕ್ಕೆ ಹೊರಟಾಗ, ಚೀರುತ್ತಿದ್ದ ಹೆಂಡತಿಯನ್ನೂ ರಟ್ಟೆ ಹಿಡಿದೆತ್ತಿ ಗಡಿಗೆಯ ಪಕ್ಕ ಕುಕ್ಕಿ ಕೂರಿಸಿದ. ಎಲ್ಲರೂ ನಕ್ಕರು. ಟ್ರಾಲಿ ನೆಟ್ಟಗೆ ಹೊಲ ಮುಟ್ಟಿತು.

“ನೋಡು, ಏನಾತು?” ಅಂದ, ಗೆದ್ದವನ ಹಾಗೆ.

ಆದದ್ದಿಷ್ಟೇ. ಟ್ರ್ಯಾಕ್ಟರಿಗೆ ಅಂಜುತ್ತಿದ್ದ ಜಗದೇವಿಯ ಎದೆ ಈಗ ಅಂಗಳದಲ್ಲಿ ಗಂಡನ ಚಪ್ಪಲಿ ಸಪ್ಪಳವಾದರೂ ಧಸಕ್ಕೆನ್ನುತ್ತದೆ.